ಹೋದ ಜಾಗ ಹೇಳದ ದೋಣಿಯನ್ನು ಎಲ್ಲಿ ಅಂತ ಹುಡುಕೋದು?

ತಕ್ಕಡಿ_ಅಕ್ಕ

ಎಲ್ಲರಿಗೂ ನಮಸ್ಕಾರ. ಇಂಡೊನೇಷ್ಯಾದ ಮಲುಕು ಪ್ರಾಂತ್ಯ, ಬುರು ದ್ವೀಪದ ಉತ್ತರ ದಡದ ಒಂದು ಹಳ್ಳಿಯಲ್ಲಿ ಎರಡು ವರ್ಷದಿಂದ ಇದ್ದೇನೆ. ದೋಣಿಗಳು ಬಂದಾಗ ಟ್ಯೂನಾ ಅಳೆಯುವುದು, ತೂಗುವುದು, ಪುಸ್ತಕದಲ್ಲಿ ಬರೆಯುವುದು, ಇಷ್ಟೇ ನನ್ನ ಕೆಲಸ. ಈ ಲೆಕ್ಕ ಸರಿ ಇದ್ದರೆ ತಾನೇ ಸಮುದ್ರದಲ್ಲಿ ಮೀನು ಎಷ್ಟಿದೆ, ಎಷ್ಟು ಹಿಡಿಯಬಹುದು ಅಂತ ಯಾರಾದರೂ ಅಂದಾಜು ಮಾಡೋದು.

ಇಲ್ಲಿ ಟ್ಯೂನಾಕ್ಕೆ ಬಲೆ ಹಾಕುವುದಿಲ್ಲ. ಒಂದು ದೋಣಿ, ಒಬ್ಬ ಮನುಷ್ಯ, 15 ಎಚ್‌ಪಿ ಎಂಜಿನ್, ಕೈಯಲ್ಲಿ ಗಾಳದ ದಾರ. ಮಲುಕುವಿನ ಈ ಗಾಳದ ಟ್ಯೂನಾಕ್ಕೆ 2014ರಲ್ಲೇ ಫೇರ್ ಟ್ರೇಡ್ ಪ್ರಮಾಣಪತ್ರ ಸಿಕ್ಕಿದೆ. ಡಾಲ್ಫಿನ್ ಹಿಂಡು ಕಂಡರೆ ಅದರ ಹಿಂದೆ ಓಡುತ್ತಾರೆ, ಅದರ ಅಡಿಯಲ್ಲೇ ಹಳದಿ ರೆಕ್ಕೆಯ ಟ್ಯೂನಾ ಇರುತ್ತದೆ. ಡಾಲ್ಫಿನ್ ಸಿಗದ ದಿನ ರುಂಪೋನ್ ಹತ್ತಿರ ಹೋಗುತ್ತಾರೆ. ರುಂಪೋನ್ ಅಂದರೆ ಆಳದಲ್ಲಿ ಲಂಗರು ಹಾಕಿ ತೇಲಬಿಟ್ಟ ತೆಪ್ಪ. ಕೆಳಗೆ ತೆಂಗಿನ ಗರಿ ಇಳಿಬಿಟ್ಟಿರುತ್ತಾರೆ. ನೆರಳಿಗೆ ಸಣ್ಣ ಮೀನು ಬರುತ್ತದೆ, ಸಣ್ಣ ಮೀನಿಗೆ ದೊಡ್ಡ ಮೀನು.

ನನ್ನ ಪುಸ್ತಕದಲ್ಲಿ 'ಮೀನು ಸಿಕ್ಕ ಜಾಗ' ಅಂತ ಒಂದು ಕಾಲಂ ಇದೆ. ಎರಡು ವರ್ಷದ ಪುಟ ತಿರುವಿದರೆ ಅಲ್ಲಿ ಬಹುತೇಕ ಒಂದೇ ಪದ: 'ಲಾವುತ್'. ಅಂದರೆ ಸಮುದ್ರ. ಮೀನು ಸಮುದ್ರದಲ್ಲಿ ಸಿಕ್ಕಿತು ಅಂತ ನನಗೂ ಗೊತ್ತಲ್ವಾ! ಜಾಸ್ತಿ ಕೇಳಿದರೆ ನಗುತ್ತಾರೆ, ಒಂದು ತುಂಡು ಮೀನು ಕೈಗಿಟ್ಟು ಕಳಿಸುತ್ತಾರೆ.

ಕಳೆದ ತಿಂಗಳವರೆಗೆ ನಾನೂ ನಗುತ್ತಿದ್ದೆ. ಪಕ್ಕದ ಮನೆಯ ಓಂ ಒಂದು ಮಂಗಳವಾರ ಬೆಳಗಿನ ಜಾವ ಹೋದವರು ಸಂಜೆ ಬರಲಿಲ್ಲ. (ಇಲ್ಲಿ ಹಿರಿಯ ಗಂಡಸರನ್ನೆಲ್ಲ 'ಓಂ' ಅನ್ನುತ್ತಾರೆ, ಮಾವ ಅಂದ ಹಾಗೆ. ಮೊದಲ ವಾರ ನನಗೆ ಊರಿಗೆ ಊರೇ ಜಪಕ್ಕೆ ಕೂತ ಹಾಗೆ ಕೇಳಿಸಿತ್ತು.) ಅವರ ಹೆಂಡತಿ 115ಕ್ಕೆ, ಅಂದರೆ ಇಲ್ಲಿನ ಹುಡುಕಾಟ-ರಕ್ಷಣೆಯವರಿಗೆ, ಫೋನ್ ಮಾಡಿದರು. ಆ ಕಡೆಯಿಂದ ಮೊದಲ ಪ್ರಶ್ನೆ: ಯಾವ ಕಡೆ ಹೋಗಿದ್ದರು? ಆಕೆ ಪಶ್ಚಿಮ ಅಂದರು. ಹನ್ನೊಂದು ದೋಣಿ ಪಶ್ಚಿಮಕ್ಕೆ ಹೋದವು. ಎರಡು ರಾತ್ರಿ ಕಳೆಯಿತು.

ಓಂ ಇದ್ದದ್ದು ಈಶಾನ್ಯದಲ್ಲಿ. ಪೆಟ್ರೋಲಿಗೆ ನೀರು ಸೇರಿ ಎಂಜಿನ್ ನಿಂತಿತ್ತು. ತೇಲುತ್ತಾ ಹೋಗಿ ಯಾರದೋ ರುಂಪೋನ್‌ಗೆ ದೋಣಿ ಕಟ್ಟಿಕೊಂಡು ಕೂತಿದ್ದರು. ಅದರ ಮಾಲೀಕರ ಕಡೆಯವರೇ ಎಳೆದು ತಂದರು. ಹೆಂಡತಿಗೆ ಪಶ್ಚಿಮ ಅಂತ ಹೇಳಿದ್ದು ಬೇಕೆಂದೇ. ಆಕೆಯ ತಮ್ಮನೂ ಗಾಳ ಹಾಕುವವನು ನೋಡಿ.

ದಡಕ್ಕೆ ಇಳಿದವರ ತುಟಿ ಒಡೆದಿತ್ತು, ಅಂಗೈ ಬಿಳಿಚಿ ಸುಕ್ಕಾಗಿತ್ತು. ಕೂರಿಸಿ ನೀರು ಕೊಟ್ಟೆ. ಎರಡು ಗುಟುಕು ಕುಡಿದು ನನ್ನನ್ನು ಕೇಳಿದ ಮೊದಲ ಮಾತು: "ನಾನು ಎಲ್ಲಿ ಸಿಕ್ಕೆ ಅಂತ ಪುಸ್ತಕದಲ್ಲಿ ಬರೆದುಬಿಟ್ಟೆಯಾ?"

ಹಿಂದೆ ಒಂದು ಯೋಜನೆಯವರು ಸಣ್ಣ ಟ್ರ್ಯಾಕರ್ ಹಂಚಿದ್ದರು. ಒಬ್ಬರು ಅದರ ಮೇಲೆ ಬಕೆಟ್ ಕವುಚಿಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಲೈಫ್ ಜಾಕೆಟ್ ಕೊಟ್ಟರೆ ಮಡಚಿ ಅದರ ಮೇಲೆ ಕೂರುತ್ತಾರೆ, ತೊಟ್ಟರೆ ದಾರ ಎಳೆಯಲು ಆಗಲ್ಲವಂತೆ. ಮೀನಿನ ಲೆಕ್ಕವೂ ಜೀವವೂ ಆ ಒಂದೇ ಗುಟ್ಟಿನಲ್ಲಿ ಸಿಕ್ಕಿಕೊಂಡಿವೆ. ಇದನ್ನು ಬಿಡಿಸಲು ದಾರಿ ಗೊತ್ತಿದ್ದವರು ಹೇಳಿ. 'ಜಾಗೃತಿ ಮೂಡಿಸಿ' ಅಂತ ಮಾತ್ರ ಹೇಳಬೇಡಿ.

---

ಎಂಜಿನ್_ರೂಮ್

ಅಕ್ಕಾ, ಬಾಲಿಯ ಬೆನೋವಾ ಬಂದರಿನಿಂದ ಹೊರಡುವ ಲಾಂಗ್‌ಲೈನ್ (ಉದ್ದ ದಾರಕ್ಕೆ ಸಾಲು ಗಾಳ ಕಟ್ಟುವ) ಹಡಗಿನಲ್ಲಿ ಆರು ವರ್ಷ ಇದ್ದೆ. 30 ಜಿಟಿಗಿಂತ (ಗ್ರಾಸ್ ಟನೇಜ್, ಹಡಗಿನ ಗಾತ್ರದ ಅಳತೆ) ದೊಡ್ಡ ಹಡಗಿಗೆ ವಿಎಂಎಸ್ ಅನ್ನುವ, ಹಡಗು ಇರುವ ಜಾಗ ತೋರಿಸುವ ಪೆಟ್ಟಿಗೆ ಕಡ್ಡಾಯ, ನಾವು ಎಲ್ಲಿದ್ದೇವೆ ಅಂತ ಜಕಾರ್ತಾದಲ್ಲಿ ಕೂತವರಿಗೆ ಕಾಣುತ್ತದೆ. 2017ರಲ್ಲಿ ಆ ಮಾಹಿತಿ, ಯಾರು ಬೇಕಾದರೂ ನೋಡಬಹುದಾದ ಗ್ಲೋಬಲ್ ಫಿಶಿಂಗ್ ವಾಚ್ ಅನ್ನುವ ಇಂಟರ್ನೆಟ್ ನಕ್ಷೆಯಲ್ಲೂ ಬಂತು. ಆದರೆ ಒಂದು ಮಾತು. ಆ ಪೆಟ್ಟಿಗೆ ಹಾಕಿರುವುದು ಮೀನುಗಳ್ಳರನ್ನು ಹಿಡಿಯಲು. ನಮ್ಮ ಕ್ಯಾಪ್ಟನ್ ಅದನ್ನು ನೋಡುತ್ತಿದ್ದದ್ದು ಪೊಲೀಸಿನವರನ್ನು ನೋಡಿದ ಹಾಗೇ. ನಿಮ್ಮ ಊರಿನವರು ಬಕೆಟ್ ಕವುಚಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಜಾಗ ಕೇಳುವುದನ್ನು ಬಿಡಿ. ಎರಡೇ ಕೇಳಿ: ಯಾವ ದಿಕ್ಕು, ಎಷ್ಟು ಗಂಟೆಗೆ ವಾಪಸ್. ದಿಕ್ಕು ಹೇಳಿದರೆ ರುಂಪೋನ್ ಗುಟ್ಟು ಹೊರಗೆ ಬರಲ್ಲ, ಹುಡುಕುವವರಿಗೆ ಮುಕ್ಕಾಲು ಸಮುದ್ರ ಕಡಿಮೆಯಾಗುತ್ತದೆ.

ಇನ್ನು ಎಂಜಿನ್ ವಿಷಯ. ಅಲ್ಲೆಲ್ಲ ಪೆಟ್ರೋಲ್ ಬಾಟಲಿಯಲ್ಲಿ, ಜೆರಿಕ್ಯಾನಿನಲ್ಲಿ ಮಾರುತ್ತಾರೆ. ಮಳೆಯಲ್ಲಿ ಮುಚ್ಚಳ ತೆಗೆದರೆ ನೀರು ಸೇರಿತು ಅಂತಲೇ ಲೆಕ್ಕ. ಕ್ಯಾನನ್ನು ಒಂದು ರಾತ್ರಿ ಅಲ್ಲಾಡಿಸದೆ ಇಟ್ಟರೆ ನೀರು ತಳಕ್ಕೆ ಕೂರುತ್ತದೆ, ಮೇಲಿನದನ್ನು ಮಾತ್ರ ನಿಧಾನಕ್ಕೆ ಬಗ್ಗಿಸಿಕೊಳ್ಳಲಿ. ಕೊನೆಯ ಒಂದು ಲೀಟರ್ ಆಸೆ ಬಿಡಬೇಕು, ಕಷ್ಟ ಆಗುವುದು ಅಲ್ಲೇ. ಒಂದು ಸ್ಪಾರ್ಕ್ ಪ್ಲಗ್, ಅದನ್ನು ಬಿಚ್ಚುವ ಸ್ಪ್ಯಾನರ್ ಪ್ಲಾಸ್ಟಿಕ್‌ನಲ್ಲಿ ಸುತ್ತಿ ದೋಣಿಯಲ್ಲೇ ಇರಲಿ. ಎಂಜಿನ್ ನಿಂತರೆ ಬಕೆಟ್‌ಗೆ ಉದ್ದ ಹಗ್ಗ ಕಟ್ಟಿ ದೋಣಿಯ ಮೂತಿಯಿಂದ ನೀರಿಗೆ ಬಿಡಲಿ. ಅಲೆಗೆ ದೋಣಿ ಅಡ್ಡ ತಿರುಗಲ್ಲ, ತೇಲಿ ಹೋಗುವ ದೂರವೂ ಕಡಿಮೆ. ಟ್ರ್ಯಾಕರ್ ಮೇಲೆ ಕವುಚಿದ ಬಕೆಟ್ ಹೇಗೂ ಇದೆಯಲ್ಲ!

---

ಆಚೆ_ಕಡೆಯವ

ನಾನಿರುವುದು 'ಬಾಂದಾ ಆಚೆ' ಅನ್ನುವ ಊರಿನಲ್ಲಿ, ಸುಮಾತ್ರಾದ ತುದಿ. ಇಲ್ಲಿ 'ಪಾಂಗ್ಲಿಮಾ ಲಾವುತ್' ಅಂತ ಇದ್ದಾರೆ, ಕಡಲಿನ ಯಜಮಾನ ಅನ್ನಬಹುದು. ಸುಲ್ತಾನರ ಕಾಲದಿಂದ ಬಂದ ವ್ಯವಸ್ಥೆ. ಅವರ ಕಟ್ಟಳೆ ಪ್ರಕಾರ ಶುಕ್ರವಾರ ಯಾರೂ ಕಡಲಿಗೆ ಇಳಿಯುವಂತಿಲ್ಲ. 2004ರ ಸುನಾಮಿಯ ನೆನಪಿಗೆ ಡಿಸೆಂಬರ್ 26ರಂದೂ ಇಳಿಯುವಂತಿಲ್ಲ. ದೋಣಿ ಕಾಣೆಯಾದರೆ ಉಳಿದವರು ಮೀನು ಬಿಟ್ಟು ಹುಡುಕಲು ಹೊರಡಬೇಕು. ಕಡಲಲ್ಲಿ ಸಿಕ್ಕಿದವರನ್ನು ಬಿಟ್ಟು ಬರುವುದೂ ತಪ್ಪು. 2015ರಲ್ಲಿ ರೋಹಿಂಗ್ಯಾ ಜನ ತುಂಬಿದ್ದ ದೋಣಿಗಳನ್ನು ದಡಕ್ಕೆ ತಂದವರು ಇಲ್ಲಿನ ಮೀನುಗಾರರೇ.

ಸರ್ಕಾರದ ಕಾಗದಕ್ಕೆ ಸುಳ್ಳು ಹೇಳುವ ಮನುಷ್ಯ ಪಾಂಗ್ಲಿಮಾ ಎದುರು ಸುಳ್ಳು ಹೇಳಲು ಹಿಂಜರಿಯುತ್ತಾನೆ. ನಾಳೆ ಜಗಳ ಬಿಡಿಸಲು ಅದೇ ಮನುಷ್ಯ ಬೇಕಲ್ಲ. ನಿಮ್ಮ ಮಲುಕುವಿನಲ್ಲೂ 'ಸಾಸಿ' ಅನ್ನುವ ಕಟ್ಟಳೆ ಇದೆ. ಇಂತಿಷ್ಟು ದಿನ ಈ ಹವಳದ ದಿಬ್ಬದಲ್ಲಿ ಯಾರೂ ಏನೂ ಹಿಡಿಯಬಾರದು ಅಂತ ಊರು ಮುಚ್ಚುತ್ತದೆ, ಕೆವಾಂಗ್ ಅನ್ನುವವರು ಕಾಯುತ್ತಾರೆ. ಟ್ಯೂನಾಕ್ಕೆ ಸಾಸಿ ಹಾಕಲು ಆಗಲ್ಲ, ಒಪ್ಪಿದೆ, ಅದು ನಿಂತಲ್ಲಿ ನಿಲ್ಲುವ ಮೀನಲ್ಲ. ಆದರೆ ಗುಟ್ಟು ಇಟ್ಟುಕೊಳ್ಳಲು ಅಂಥವರೊಬ್ಬರು ಬೇಕು. ಚೀಟಿ ಬರೆದು, ಅಂಟಿಸಿ ಅವರ ಕೈಗೆ ಕೊಡಲಿ. ಬಾರದಿದ್ದರೆ ಮಾತ್ರ ಒಡೆಯಬೇಕು. ನೀವು ಇಟ್ಟುಕೊಳ್ಳಬೇಡಿ. ನಿಮ್ಮ ಕೈಯಲ್ಲಿ ಪುಸ್ತಕ ಇದೆ, ಅದೇ ಅವರಿಗೆ ಭಯ.

---

ಬಿಟುಂಗ್_ಭಟ್ಟ

ಎಲ್ಲರೂ ಓಂ ಅವರನ್ನೇ ತಪ್ಪಿತಸ್ಥರ ಹಾಗೆ ನೋಡುತ್ತಿದ್ದೀರಿ, ಸ್ವಲ್ಪ ತಡೀರಿ. ಅವರ ಭಯ ಸುಮ್ನೆ ಅಲ್ಲ. ಗಾಳದವನ ಜಾಗ ಗೊತ್ತಾದ ಮೇಲೆ ರಾತ್ರಿ ದೀಪ ಉರಿಸಿಕೊಂಡು ಬರುವ ದೊಡ್ಡ ಬಲೆಯ ಹಡಗು ಒಂದೇ ಸುತ್ತಿಗೆ ಮರಿ ಟ್ಯೂನಾವನ್ನೂ ಸೇರಿಸಿ ಗುಡಿಸಿಕೊಂಡು ಹೋಗುತ್ತದೆ. ಎರಡು ರುಂಪೋನ್ ನಡುವೆ ಕನಿಷ್ಠ 10 ನಾಟಿಕಲ್ ಮೈಲಿ ಅಂತರ ಇರಬೇಕು ಅಂತ ನಿಯಮ ಬರೆದಿದ್ದಾರೆ. ಸಮುದ್ರದಲ್ಲಿ ಟೇಪು ಹಿಡಿದು ಅಳೆಯುವವರು ಯಾರು? 2023ರ 11ನೇ ಸರ್ಕಾರಿ ನಿಯಮದಲ್ಲಿ ವಲಯವಾರು ಕೋಟಾ ಬಂತು, ಒಳ್ಳೆಯದೇ. ಕೋಟಾ ಹಂಚುವಾಗ ಲೆಕ್ಕದಲ್ಲಿ ಇಲ್ಲದವನಿಗೆ ಎಷ್ಟು ಸಿಗುತ್ತದೆ ಅನ್ನುವುದು ನನ್ನ ಚಿಂತೆ. ಆ 'ಲಾವುತ್' ಕಾಲಂ ತುಂಬದಿದ್ದರೆ ನಷ್ಟ ಓಂ ಅವರಿಗೇ. ಇದನ್ನು ಅವರಿಗೆ ಹೇಳಿ ನೋಡಿ.

ಇನ್ನೊಂದು ನೆನಪಾಯಿತು. 2018ರಲ್ಲಿ ನಾನಿರುವ ಈ ಉತ್ತರ ಸುಲಾವೆಸಿ ಕಡೆ, ದಡದಿಂದ ಸುಮಾರು 125 ಕಿ.ಮೀ. ದೂರದ ರುಂಪೋನ್ ಗುಡಿಸಲಲ್ಲಿ ದೀಪ ಹಚ್ಚುವ ಕೆಲಸಕ್ಕಿದ್ದ ಹುಡುಗನ ತೆಪ್ಪದ ಲಂಗರಿನ ಹಗ್ಗ ಗಾಳಿಗೆ ಕಿತ್ತುಹೋಯಿತು. 49 ದಿನ ತೇಲಿ ಗುವಾಮ್ ಹತ್ತಿರ ಸಿಕ್ಕಿದ. ಗುಡಿಸಲಿನ ಮರವನ್ನೇ ಒಡೆದು ಉರಿಸಿ ಮೀನು ಬೇಯಿಸಿಕೊಂಡಿದ್ದನಂತೆ. ಹತ್ತಕ್ಕೂ ಜಾಸ್ತಿ ಹಡಗುಗಳು ಪಕ್ಕದಲ್ಲೇ ಹಾದುಹೋದವು, ನಿಲ್ಲಲಿಲ್ಲ. ಅಲ್ಲಿ ರೇಡಿಯೋ ಇತ್ತು, ಕೊನೆಗೆ ಕೆಲಸಕ್ಕೆ ಬಂದದ್ದೂ ಅದೇ. ದೋಣಿ ನೀರಿನ ಮಟ್ಟದಲ್ಲಿರುತ್ತದೆ, ಹಡಗಿನ ಮೇಲಿಂದ ಕಾಣುವುದೇ ಇಲ್ಲ. ಒಂದು ಕನ್ನಡಿ ಚೂರು, ಕಿತ್ತಳೆ ಬಣ್ಣದ ಬಟ್ಟೆ ಇಟ್ಟುಕೊಳ್ಳಲಿ.

---

ತಕ್ಕಡಿ_ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರದ ಸುದ್ದಿ ಹೇಳುತ್ತೇನೆ.

ಗುಟ್ಟು ಇಟ್ಟುಕೊಳ್ಳಲು ಯಾರು ಅಂತ ಯೋಚಿಸಿದಾಗ ದಡದ ಅಂಗಡಿಯ ಮಾಮಾ ಹೊಳೆದರು. ಇಲ್ಲಿ ಮಾಮಾ ಅಂದರೆ ಅಮ್ಮ. ಕಾಫಿ, ಸಿಗರೇಟ್, ಪೆಟ್ರೋಲ್ ಎಲ್ಲಾ ಅವರ ಹತ್ತಿರವೇ. ಯಾರ ಸಾಲ ಎಷ್ಟಿದೆ ಅಂತ ಅವರೊಬ್ಬರಿಗೇ ಗೊತ್ತು, ಈವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಒಂದು ಬಿಸ್ಕೆಟ್ ಡಬ್ಬಿ ಇಟ್ಟರು. ದಿಕ್ಕು, ವಾಪಸ್ ಬರುವ ಹೊತ್ತು ಬರೆದು ಟೇಪು ಅಂಟಿಸಿ ಹಾಕುವುದು. ಬಂದ ಮೇಲೆ ಚೀಟಿ ಒಡೆಯದೆ ಒಲೆಗೆ. ರಾತ್ರಿ ಇಶಾ ನಮಾಜು ಮುಗಿದರೂ ಬಾರದಿದ್ದರೆ ಮಾತ್ರ ಒಡೆಯುವುದು.

ಹವಾಮಾನವನ್ನೂ ಅಲ್ಲೇ ಬರೆದು ಹಾಕುತ್ತಿದ್ದೇನೆ. ಗಾಳಿ 15 ನಾಟ್, ಅಲೆ 1.25 ಮೀಟರ್ ದಾಟಿದರೆ ಮೀನುದೋಣಿಗೆ ಅಪಾಯ ಅಂತ ಇಲ್ಲಿನ ಹವಾಮಾನ ಇಲಾಖೆ ಬಿಎಂಕೆಜಿ ಹೇಳುತ್ತದಲ್ಲ, ಆ ಎರಡು ಅಂಕಿ ದಪ್ಪಗೆ ಸೀಮೆಸುಣ್ಣದಲ್ಲಿ. ಓದಿಯೂ ಹೋಗುವವರು ಹೋಗುತ್ತಾರೆ. ಆದರೆ ಅಂಥ ದಿನ ಜೋಡಿಯಾಗಿ ಹೋಗುವುದು ಶುರುವಾಗಿದೆ.

ಮೊದಲ ವಾರ ಬಿದ್ದದ್ದು ಆರೇ ಚೀಟಿ. ಎರಡನೇ ವಾರ ಒಬ್ಬರು ಕತ್ತಲಾದರೂ ಬರಲಿಲ್ಲ. ಇಶಾ ಆಯಿತು. ಅಂಗಡಿ ಮುಂದೆ ಇಪ್ಪತ್ತು ಜನ, ಅವರ ಮಗಳು ಅಳುತ್ತಾ ನಿಂತಿದ್ದಾಳೆ. ಮಾಮಾ ಕನ್ನಡಕ ಹಾಕಿಕೊಂಡು ಟೇಪು ಬಿಡಿಸಿ ಚೀಟಿ ಓದಿದರು. ಓದಿ ನನ್ನ ಕೈಗೆ ಕೊಟ್ಟರು.

'ಲಾವುತ್.'

ಮನುಷ್ಯ ಒಂಬತ್ತೂವರೆಗೆ ಬುರುವಿನ ಪಟ್ಟಣ ನಾಮ್ಲೆಯಾದಿಂದ ಬೈಕಿನಲ್ಲಿ ಬಂದಿಳಿದರು. ಮೀನು ಅಲ್ಲೇ ಮಾರಿ, ದೋಣಿ ಅಲ್ಲೇ ಕಟ್ಟಿ, ಅಕ್ಕನ ಮನೆಯಲ್ಲಿ ಊಟ ಮುಗಿಸಿ ಬಂದಿದ್ದರು. ಮರುದಿನ ಬೆಳಗಿನ ಜಾವ ಕ್ಯಾನ್ ಹಿಡಿದು ಬಂದಾಗ ಮಾಮಾ ಪೆಟ್ರೋಲ್ ಕೊಡಲಿಲ್ಲ. ಪೆನ್ನು ಕೊಟ್ಟರು. ಈಗ ಹಳ್ಳಿಯಲ್ಲಿ ಅದೇ ಪದ್ಧತಿ, ಮೊದಲು ಚೀಟಿ, ಆಮೇಲೆ ಪೆಟ್ರೋಲ್. ನಿನ್ನೆ ಡಬ್ಬಿಯಲ್ಲಿ ಇಪ್ಪತ್ಮೂರು ಚೀಟಿ ಇದ್ದವು. ನನ್ನ ಪುಸ್ತಕದ ಕಾಲಂ ಮಾತ್ರ ಇನ್ನೂ ಹಾಗೇ ಇದೆ.