ಅಡುಗೆ ಬಿಟ್ಟು ಮೆನು ಬರೆಯೋಕೆ ಹೋದವಳು

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ. ಅಡ್ಮಿನ್ ನಾನು. ಯಾರಾದರೂ ಸಿಟ್ಟು ಮಾಡಿಕೊಂಡು ಗುಂಪು ಬಿಟ್ಟರೆ ಮೂರನೇ ದಿನ ಸುಮ್ನೆ ಮತ್ತೆ ಸೇರಿಸುವುದು, ಅಷ್ಟೇ ಕೆಲಸ.

ಜುಲೈ 1, ಡಾಕ್ಟರ್ಸ್ ಡೇ. ಬೆಳಿಗ್ಗೆ 6.10ಕ್ಕೆ ಮೈಸೂರು ಚಿಕ್ಕಪ್ಪನ ಫಾರ್ವರ್ಡ್ ಬಂತು. 'ಮಂಡ್ಯದ ಹಲ್ಲೇಗೆರೆಯಲ್ಲಿ ಹುಟ್ಟಿ, ಕಬ್ಬಿನ ಗದ್ದೆಯಲ್ಲಿ ಆಡಿ ಬೆಳೆದ ಹುಡುಗ ಇಂದು ಅಮೆರಿಕದ ಆರೋಗ್ಯ ಮಂತ್ರಿ!! ಅಲ್ಲಿನ ಬಡವರಿಗೆಲ್ಲ ಚಿಕಿತ್ಸೆ ಫ್ರೀ ಮಾಡಿದ ಕನ್ನಡಿಗ ಡಾ. ವಿವೇಕ್ ಮೂರ್ತಿ!! ನಿಜವಾದ ಕನ್ನಡಿಗರಾದರೆ ಶೇರ್ ಮಾಡಿ.' ಅದರ ಕೆಳಗೆ ಚಿಕ್ಕಪ್ಪನ ಸ್ವಂತದ ಒಂದು ಸಾಲು: 'ಡಾಕ್ಟರ್ ಅಂದ್ರೆ ಹೀಗಿರಬೇಕು.'

ಫಾರ್ವರ್ಡಿಗೆ ಹದಿನೈದು ಜನ ಕೈ ಮುಗಿದರು. ರಗಳೆ ಶುರುವಾಗಿದ್ದು ಆ ಒಂದು ಸಾಲಿನಿಂದ.

ಮೊದಲು ಬಂದವನು ಬಾಬಣ್ಣ, ದೊಡ್ಡಪ್ಪನ ಮಗ. ತುಮಕೂರಿನಲ್ಲಿ ಲೆಕ್ಚರರ್. ಲಗ್ನಪತ್ರಿಕೆ ಕಳಿಸಿದರೂ 'ಮುಹೂರ್ತ ಯಾವ ಪಂಚಾಂಗದ್ದು?' ಎಂದು ಕೇಳುವ ಜಾತಿ.

'ಚಿಕ್ಕಪ್ಪ, ಇದು ಎಲ್ಲಿಂದ ಬಂತು? ಅವರು ಹುಟ್ಟಿದ್ದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ, 1977ರಲ್ಲಿ. ಬೆಳೆದಿದ್ದು ಮಯಾಮಿಯಲ್ಲಿ. ಹಲ್ಲೇಗೆರೆ ಅಪ್ಪನ ಊರು, ಅಷ್ಟು ಮಾತ್ರ ನಿಜ. ಮಂತ್ರಿ ಅಲ್ಲ, ಸರ್ಜನ್ ಜನರಲ್ ಆಗಿದ್ದರು, ಅಂದರೆ ದೇಶದ ಜನಕ್ಕೆ ಆರೋಗ್ಯದ ಸಲಹೆ ಕೊಡೋ ಸರ್ಕಾರಿ ಡಾಕ್ಟರ್. 2014ರಲ್ಲಿ ಸೆನೆಟ್ 51–43 ವೋಟಿನಲ್ಲಿ ಒಪ್ಪಿತು. 2017ರಲ್ಲಿ ಟ್ರಂಪ್ ಇಳಿಸಿದರು, 2021ರಲ್ಲಿ ಬೈಡನ್ ಮತ್ತೆ ಕರೆತಂದರು. 2025ರ ಜನವರಿಗೆ ಅದೂ ಮುಗೀತು. ಇನ್ನು ಆ ಫ್ರೀ...'

ವಾಕ್ಯ ಮುಗಿಸುವ ಮೊದಲೇ ನ್ಯೂಜೆರ್ಸಿ ಭಾವ ಎದ್ದರು. ಅಲ್ಲಿ ರಾತ್ರಿ. 'ಫ್ರೀನಾ? ಮಗಳ ಕೈ ಮುರಿದಾಗ ಬಂದ ಬಿಲ್ಲಿನ ಫೋಟೊ ಹಾಕಲಾ? ಇಲ್ಲಿ ಇನ್ನೂ ಎರಡು ಕೋಟಿಗಿಂತ ಜಾಸ್ತಿ ಜನಕ್ಕೆ ವಿಮೆಯೇ ಇಲ್ಲ.'

ಚಿಕ್ಕಪ್ಪ: 'ಎಲ್ಲದಕ್ಕೂ ಒಂದು ಕೊಕ್ಕೆ. ಒಳ್ಳೇದನ್ನ ಓದಿ ಖುಷಿ ಪಡೋದು ಕಲಿ ಬಾಬು.'

ಬಾಬಣ್ಣ: 'ಕಷಾಯ ಕುಡಿದರೆ ಕೊರೊನಾ ಬರಲ್ಲ ಅಂತ 2020ರಲ್ಲಿ ಕಳಿಸಿದ್ದೂ ನೀವೇ.'

ಚಿಕ್ಕಪ್ಪ: 'ಕುಡಿದೆ. ನನಗೆ ಬಂತಾ?'

ಇದಕ್ಕೆ ಬಾಬಣ್ಣನ ಹತ್ತಿರ ಉತ್ತರ ಇರಲಿಲ್ಲ. ಅವನಿಗೆ ಎರಡು ಸಲ ಬಂದಿತ್ತು.

ಅಷ್ಟರಲ್ಲಿ ದೊಡ್ಡಪ್ಪ ಬಂದರು. ರಿಟೈರ್ಡ್ ಹೆಡ್ಮಾಸ್ಟರು. ಒಂದು ಮಾತನ್ನು ಏಳು ತುಂಡು ಮಾಡಿ ಕಳಿಸುತ್ತಾರೆ. ಮೊದಲ ತುಂಡು, 'ವೈದ್ಯೋ ನಾರಾಯಣೋ ಹರಿಃ.' ಎರಡನೆಯದು, 'ಇಂದು ಡಾ. ಬಿ.ಸಿ. ರಾಯ್ ಹುಟ್ಟಿದ ದಿನ.' ಮೂರನೆಯದು, 'ತೀರಿಕೊಂಡ ದಿನವೂ ಇದೇ, 1962.' ಹೀಗೇ ಸಾಗಿ, ಅವರು ಬಂಗಾಳದ ಮುಖ್ಯಮಂತ್ರಿಯಾಗಿದ್ದವರು, ಅಧಿಕಾರ ಇದ್ದೂ ದೊಡ್ಡವರಾಗಿಯೇ ಉಳಿದರು, ಈಗಿನ ಡಾಕ್ಟರುಗಳಿಗೆ ದುಡ್ಡು ಬಿಟ್ಟರೆ ಬೇರೆ ಕಾಣಲ್ಲ ಎಂಬಲ್ಲಿಗೆ ನಿಂತಿತು.

ಸಾಗರದ ಸೀನ ಇದಕ್ಕೇ ಕಾಯುತ್ತಿದ್ದ. 'ನಮ್ಮೂರ ಕಾಂಪೌಂಡರ್ ನೆನಪಿದ್ದಾರಾ? ಕೆಂಪು ಮಿಕ್ಸ್ಚರ್! ಬಾಟಲಿ ನಾವೇ ತಗೊಂಡು ಹೋಗಬೇಕಿತ್ತು. ಅದರ ಹೊಟ್ಟೆಗೆ ಉದ್ದಕ್ಕೆ ಒಂದು ಕಾಗದದ ಪಟ್ಟಿ ಅಂಟಿಸೋರು. ಒಂದೊಂದು ಹೊತ್ತಿಗೆ ಎಷ್ಟು ಅಂತ ಪಟ್ಟಿಯ ಅಂಚಿಗೆ ಕತ್ತರಿಯಲ್ಲಿ ಕಚ್ಚು ಹಾಕಿರೋರು. ನಾನು ಮೂರು ಹೊತ್ತಿಂದು ಒಂದೇ ಸಲ ಕುಡಿದು ಅಮ್ಮನ ಹತ್ರ ಹೊಡೆತ ತಿಂದಿದ್ದೆ.' ಮುಂದಿನ ಇಪ್ಪತ್ತು ನಿಮಿಷ ಆ ಮಿಕ್ಸ್ಚರ್ ಸಿಹಿಯಿತ್ತೋ ಒಗರೋ ಎಂಬ ಚರ್ಚೆ. ನಾನೂ ಸೇರಿಕೊಂಡೆ. ಒಗರು. ಕೊನೆಗೆ ನಾಲಿಗೆಯ ಮೇಲೆ ಸ್ವಲ್ಪ ಸಿಹಿ.

ರಗಳೆ ಹೀಗೇ ತಣ್ಣಗಾಗುತ್ತಿತ್ತೇನೋ. 9.40ಕ್ಕೆ ಹಾಸನದ ಚಿಕ್ಕಮ್ಮ ಬರೆದರು: 'ಭಾವ, ಡಾಕ್ಟರ್ ಅಂದ್ರೆ ಹೀಗಿರಬೇಕು ಅಂದ್ರಲ್ಲ, ಯಾರಿಗೆ ಹೇಳಿದ್ದು?'

ಯಾರಿಗೆ ಎಂದು 43 ಜನಕ್ಕೂ ಗೊತ್ತು. ಚಿಕ್ಕಮ್ಮನ ಮಗಳು ಪುಟ್ಟಿ ನಮ್ಮಲ್ಲಿ ಮೊದಲ ಡಾಕ್ಟರ್. ಎಂಬಿಬಿಎಸ್ ಮುಗಿಸಿ, ಒಂದು ವರ್ಷ ಹಳ್ಳಿ ಸೇವೆ ಮಾಡಿ, ಬೆಂಗಳೂರಿನ ಒಂದು ಆಸ್ಪತ್ರೆ ಸೇರಿದವಳು ಅದನ್ನು ಬಿಟ್ಟು ಸಾರ್ವಜನಿಕ ಆರೋಗ್ಯ ಓದಲು ಹೋದಳು. ಈಗ ಆರೋಗ್ಯ ನೀತಿಯ ಕೆಲಸ. ಜಿಲ್ಲೆ ಜಿಲ್ಲೆ ಸುತ್ತುತ್ತಾಳೆ, ಲೆಕ್ಕ ಹಾಕುತ್ತಾಳೆ, ಅಧಿಕಾರಿಗಳ ಮುಂದೆ ಕೂರುತ್ತಾಳೆ. ಎರಡು ವರ್ಷದ ಹಿಂದೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ಮೈಸೂರು ಚಿಕ್ಕಪ್ಪ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, 'ನಮ್ಮ ಹುಡುಗಿ ಅಡುಗೆ ಬಿಟ್ಟು ಮೆನು ಬರೆಯೋಕೆ ಹೋದಳು' ಎಂದಿದ್ದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ. ಚಿಕ್ಕಮ್ಮ ಬಡಿಸುತ್ತಿದ್ದರು.

ಚಿಕ್ಕಪ್ಪ: 'ಅಯ್ಯೋ, ನಾನು ಸಾಮಾನ್ಯವಾಗಿ ಹೇಳಿದ್ದು. ಡಾಕ್ಟರ್ ಓದಿದವರು ರೋಗಿ ನೋಡಬೇಕು ಅಷ್ಟೆ.'

ಬಾಬಣ್ಣ: 'ಹಾಗಿದ್ದರೆ ನೀವು ಹೊಗಳಿದವರು ಆ ಹುದ್ದೆಯಲ್ಲಿ ಮಾಡಿದ್ದೇನು? ಸರ್ಜನ್ ಜನರಲ್ ಕೆಲಸ ಅಂದರೆ ದೇಶಕ್ಕೆ ಎಚ್ಚರಿಕೆ ಹೇಳೋದು. ಸಿಗರೇಟಿನಿಂದ ಕ್ಯಾನ್ಸರ್ ಅಂತ 1964ರಲ್ಲಿ ವರದಿ ಬಂದಿದ್ದು ಆ ಕುರ್ಚಿಯಿಂದಲೇ. ಬಂದೂಕೂ ಆರೋಗ್ಯದ ಸಮಸ್ಯೆ ಅಂದಿದ್ದಕ್ಕೆ ಬಂದೂಕಿನ ಲಾಬಿ ಇವರ ನೇಮಕಾನೇ ತಡೆಯೋಕೆ ನೋಡಿತು. ಅದಕ್ಕೂ ಮುಂಚೆ ಡಾಕ್ಟರುಗಳ ಸಂಘ ಕಟ್ಟಿ ಒಬಾಮ ಕಾಲದ ವಿಮೆ ಕಾನೂನಿಗೆ ಓಡಾಡಿದವರು. ಪುಟ್ಟಿ ಮಾಡ್ತಿರೋದೂ ಅದೇ ಜಾತಿ ಕೆಲಸ ಅಲ್ವಾ?'

ಚಿಕ್ಕಪ್ಪ: 'ಅವರು ಅಮೆರಿಕದಲ್ಲಿ ಮಾಡಿದ್ದು.'

ಇಂಥ ಉತ್ತರಕ್ಕೆ ಯಾವ ಲೆಕ್ಚರರ್ ತಾನೇ ಏನು ಹೇಳಬಲ್ಲ?

ಚಿಕ್ಕಮ್ಮ ಮಾತ್ರ ಬಿಡಲಿಲ್ಲ. 'ರೋಗಿ ನೋಡೋ ಡಾಕ್ಟರುಗಳು 2017ರಲ್ಲಿ ಏನು ಮಾಡಿದರು, ಮರೆತಿರಾ? ಖಾಸಗಿ ಆಸ್ಪತ್ರೆ ಕಾನೂನು ಬೇಡ ಅಂತ ನವೆಂಬರ್‌ನಲ್ಲಿ ಬಾಗಿಲು ಹಾಕಿ ಬೆಳಗಾವಿಗೆ ಹೋದರು. ಅವತ್ತೇ ಅಜ್ಜಿ ಬಚ್ಚಲಲ್ಲಿ ಜಾರಿದ್ದು. ಎರಡು ನರ್ಸಿಂಗ್ ಹೋಮ್ ಸುತ್ತಿ, ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿದ್ದು. ಆಟೊದಲ್ಲಿ. ಯಾಕೆಂದರೆ ಕಾರು ಸಿಗಲಿಲ್ಲ.'

ಕಾರು ಎಂದ ಕೂಡಲೇ ಗುಂಪು ಮೌನ. ಕಾರು ಇದ್ದದ್ದು ಮೈಸೂರು ಚಿಕ್ಕಪ್ಪನ ಹತ್ತಿರ. ಆ ವಾರ ಅವರು ಹಾಸನಕ್ಕೇ ಬಂದಿದ್ದರು.

ಚಿಕ್ಕಪ್ಪ: 'ಕ್ಲಚ್ ಹೋಗಿತ್ತು ಅಂತ ಅವತ್ತೇ ಹೇಳಿದ್ದೆ.'

ಚಿಕ್ಕಮ್ಮ: 'ಮಾರನೇ ದಿನ ಬೇಲೂರಿಗೆ ಹೋಗುವಾಗ ಸರಿಯಾಗಿತ್ತು.'

ದೊಡ್ಡಪ್ಪ: 'ಹಿರಿಯರ ಮುಂದೆ ಮಾತು ಮಿತಿಯಲ್ಲಿರಲಿ.' ಅದರ ಮುಂದಿನ ತುಂಡು: 'ಇಬ್ಬರಿಗೂ ಹೇಳುತ್ತಿದ್ದೇನೆ.' ಸೀನ ಬೇಲೂರಿನ ಹಳೇ ಫೋಟೊ ಹುಡುಕಿ ಹಾಕಿದ. ಒಳ್ಳೆಯದು ಮಾಡಲು ಹೋಗಿ ಹಾಕಿದ್ದು. ಫೋಟೊದಲ್ಲಿ ಕಾರು ಚೆನ್ನಾಗಿಯೇ ಕಾಣುತ್ತಿತ್ತು.

ಇಷ್ಟು ಹೊತ್ತೂ ಪುಟ್ಟಿ ಒಂದಕ್ಷರ ಬರೆದಿರಲಿಲ್ಲ. ಮಧ್ಯಾಹ್ನ ಒಂದೂವರೆಗೆ ಅವಳ ಮೆಸೇಜ್ ಬಂತು. ಗುಂಪಿನಲ್ಲಿ ಅವಳು ಅಷ್ಟುದ್ದ ಬರೆದಿದ್ದು ಅದೇ ಮೊದಲು.

'ದೊಡ್ಡಪ್ಪ, (ಅವಳಿಗೆ ಮೈಸೂರು ಚಿಕ್ಕಪ್ಪ ದೊಡ್ಡಪ್ಪ ಆಗಬೇಕು) ನನಗೇನೂ ಬೇಜಾರಿಲ್ಲ. ಹಳ್ಳಿ ಸೇವೆಯಲ್ಲಿದ್ದಾಗ ಒಬ್ಬ ಬಸುರಿ ಬರುತ್ತಿದ್ದಳು. ಮೈಯಲ್ಲಿ ರಕ್ತ ಕಮ್ಮಿ. ಕಬ್ಬಿಣದ ಮಾತ್ರೆ ಬರೆದುಕೊಟ್ಟೆ. ಸ್ಟಾಕ್ ಇರಲಿಲ್ಲ. ಮುಂದಿನ ತಿಂಗಳು ಬಂದಳು, ಮತ್ತೆ ಬರೆದೆ. ಆಗಲೂ ಇರಲಿಲ್ಲ. ಮೂರನೇ ಸಲ ಚೀಟಿ ಬರೆಯುವಾಗ ನನಗೇ ನಾಚಿಕೆ ಆಯಿತು. ಬರೆಯೋದು ನನ್ನ ಕೆಲಸ ಸರಿ, ಮಾತ್ರೆ ಬರೋ ಹಾಗೆ ಮಾಡೋದು ಯಾರ ಕೆಲಸ ಅಂತ ಕೇಳಿಕೊಂಡು ಹೋದೆ. ಇನ್ನೂ ಹೋಗ್ತಾ ಇದೀನಿ.

'ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಜೊತೆ ಕೆಲಸ ಮಾಡಿದ ಡಾ. ಸುದರ್ಶನ್ ಇದ್ದಾರೆ. 1999ರಲ್ಲಿ ನಮ್ಮ ಸರ್ಕಾರ ಆರೋಗ್ಯಕ್ಕೆ ಒಂದು ಕಾರ್ಯಪಡೆ ಮಾಡಿತು, ಅವರೇ ಅಧ್ಯಕ್ಷರು. 2001ರ ವರದಿಯಲ್ಲಿ ಭ್ರಷ್ಟಾಚಾರವನ್ನೂ ಜಿಲ್ಲೆ ಜಿಲ್ಲೆ ನಡುವಿನ ಅಂತರವನ್ನೂ ಮುಚ್ಚಿಡದೆ ಬರೆದರು. ಆಮೇಲೆ ಲೋಕಾಯುಕ್ತದಲ್ಲಿ ಕೂತು ಆಸ್ಪತ್ರೆಗಳ ಲಂಚ ಹಿಡಿಯೋ ಕೆಲಸಕ್ಕೂ ಹೋದರು. ಡಾ. ದೇವಿ ಶೆಟ್ಟಿ ಹಾರ್ಟ್ ಆಪರೇಷನ್ ಮಾಡೋರು, 2003ರಲ್ಲಿ ಯಶಸ್ವಿನಿ ವಿಮೆ ಯೋಜನೆ ಶುರುವಾಗಿದ್ದರ ಹಿಂದೆ ಅವರೂ ಇದ್ದರು. ಆಗ ರೈತರು ತಿಂಗಳಿಗೆ 5 ರೂಪಾಯಿ ಕಟ್ಟಿದರೆ ಆಪರೇಷನ್. ನಮ್ಮ ತಾತನ ಹರ್ನಿಯಾ ಆಗಿದ್ದು ಅದರಲ್ಲೇ ಅಲ್ವಾ ದೊಡ್ಡಪ್ಪ? ಕಾರ್ಡ್ ಮಾಡಿಸಲು ಸೊಸೈಟಿಗೆ ಕರೆದುಕೊಂಡು ಹೋಗಿದ್ದು ನೀವೇ. ನಿಮ್ಮ ಕಾರಿನಲ್ಲಿ.'

ಆ ಕೊನೆಯ ಎರಡು ಪದ ಅವಳು ಬೇಕೆಂದೇ ಬರೆದಳೋ, ಹಾಗೇ ಬಂತೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕೇಳುವ ಧೈರ್ಯವೂ ಬಂದಿಲ್ಲ.

ಎಷ್ಟು ಜನ ಪೂರ್ತಿ ಓದಿದರೋ. 'ಮುಂದೆ ಓದಿ' ಎಂಬಲ್ಲಿಗೆ ಅದು ಕಟ್ ಆಗಿತ್ತು. ಬಾಬಣ್ಣ ಮಾತ್ರ ಹೆಬ್ಬೆರಳು ಎತ್ತಿದ, ಮೂಲ ಕೇಳಲಿಲ್ಲ. ಅವನ ಮಟ್ಟಿಗೆ ಅದು ದೊಡ್ಡ ಗೌರವ. ನ್ಯೂಜೆರ್ಸಿ ಭಾವ ಅಷ್ಟು ಹೊತ್ತಿಗೆ ಮಲಗಿದ್ದರು. ಮೈಸೂರು ಚಿಕ್ಕಪ್ಪನ ಹೆಸರಿನ ಕೆಳಗೆ ಟೈಪಿಂಗ್ ಎಂದು ಮೂರು ಸಲ ತೋರಿಸಿತು. ಮೂರು ಸಲವೂ ನಿಂತಿತು. ಕೊನೆಗೆ ಬಂದಿದ್ದು: 'ತಾತನ ಕಾರ್ಡು ಇನ್ನೂ ನನ್ನ ಹತ್ತಿರ ಇದೆ. ಬೀರುವಿನಲ್ಲಿ.'

ಅದಕ್ಕೆ ಯಾರೂ ಏನೂ ಹೇಳುವ ಮೊದಲೇ ದೊಡ್ಡಮ್ಮ ಒಂದು ಎಕ್ಸ್‌ರೇ ಫೋಟೊ ಹಾಕಿದರು. ಕಿಟಕಿಗೆ ಹಿಡಿದು ತೆಗೆದಿದ್ದು. ಅರ್ಧ ಮಂಡಿ, ಅರ್ಧ ಅವರ ಹೆಬ್ಬೆರಳು, ಹಿಂದೆ ಒಣಗಲು ಹಾಕಿದ ಸೀರೆ. 'ಪುಟ್ಟಿ, ಮೆಟ್ಟಿಲು ಹತ್ತೋಕೆ ಆಗ್ತಿಲ್ಲ ಕಣೆ. ಯಾವ ಮಾತ್ರೆ ತಗೊಳ್ಳಲಿ?'

ಎರಡು ನಿಮಿಷಕ್ಕೆ ಉತ್ತರ ಬಂತು.

'ಬೆರಳು ತೆಗೆದು ಇನ್ನೊಂದು ಫೋಟೊ ಕಳಿಸಿ ದೊಡ್ಡಮ್ಮ.'