ರಂಗಣ್ಣನ ಡಿಸ್ಕು ಮುನಿಸಿಕೊಂಡಿದೆ

“ದೀಪ ಉರಿಯುತ್ತೆ ಕಣ್ರೋ, ಕಂಪ್ಯೂಟರಿಗೆ ಮಾತ್ರ ಕಾಣಲ್ಲ!”

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮುಂದಿದ್ದರೂ ರಂಗಣ್ಣ ಕೈ ಹಾಕಿರಲಿಲ್ಲ. ವಿಷಯ ಗಂಭೀರ ಅಂತ ನಮಗೆ ಅಲ್ಲೇ ಗೊತ್ತಾಯಿತು. ಮಗಳ ಮದುವೆಯ ಫೋಟೋಗಳೆಲ್ಲ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿವೆ. ಬೀಗರು ದಿನಾ ಫೋನು ಮಾಡುತ್ತಿದ್ದಾರೆ.

“ಒಂದು ರಾತ್ರಿ ಫ್ರೀಜರಿನಲ್ಲಿ ಇಡು,” ಅಂದ ಅಡಿಕೆ ಮಂಡಿಯ ಸಿದ್ದು. “ನಮ್ಮ ಭಾವಮೈದ ಹಾಗೇ ಮಾಡಿದ್ದ.”

“ಸರಿಹೋಯ್ತಾ?”

“ತಣ್ಣಗಾಯ್ತು.”

ಮೇಷ್ಟ್ರು ಚಟ್ನಿ ಬಿಟ್ಟು ತಲೆ ಎತ್ತಿದರು. “ಹೊರಗೆ ತೆಗೆದ ಕೂಡಲೇ ತೇವ ಕಟ್ಟಿ, ಇರೋ ಜೀವಾನೂ ಹೋಗುತ್ತೆ. ಸದ್ದೇನಾದರೂ ಮಾಡುತ್ತಾ?”

“ಟಿಕ್ ಟಿಕ್ ಅನ್ನುತ್ತೆ.”

“ಒಳಗೆ ಡಾಟಾ ಓದೋ ಹೆಡ್ ಕೆಟ್ಟರೂ ಹಾಗನ್ನುತ್ತೆ. ಆಗ ಮತ್ತೆ ಮತ್ತೆ ಚುಚ್ಚಬಾರದು. ಕರೆಂಟು ಸಾಲದಿದ್ದರೂ ಹಾಗನ್ನುತ್ತೆ. ಎಲ್ಲಿಗೆ ಚುಚ್ಚಿದ್ದೀಯ?”

“ಹಬ್‌ಗೆ, ಅದೇ ಒಂದು ಪೋರ್ಟನ್ನು ನಾಲ್ಕೈದು ಮಾಡೋ ಡಬ್ಬಿಗೆ. ಅದರಲ್ಲೇ ಮೌಸು, ಕೀಬೋರ್ಡು, ಪುಟ್ಟ ಫ್ಯಾನು, ಹುಡುಗನ ಮೊಬೈಲು...”

“ಅಯ್ಯೋ! ಯುಎಸ್‌ಬಿ 2.0 ಪೋರ್ಟು ಕೊಡೋದೇ 500 ಮಿಲಿಆಂಪ್ ಕರೆಂಟು. 3.0 ಆದರೂ 900. ಒಂದು ಇಡ್ಲಿಗೆ ಐದು ಜನ ಕೈ ಹಾಕಿದ ಹಾಗಾಯ್ತು.”

ಸಿದ್ದು ಮೆಲ್ಲಗೆ ರಂಗಣ್ಣನ ತಟ್ಟೆಯಿಂದ ಕೈ ತೆಗೆದ.

ಬಿ.ಎಚ್. ರಸ್ತೆ ಹಿಡಿದು ಎಲ್ಲರೂ ರಂಗಣ್ಣನ ಮನೆಗೆ ಹೋದೆವು. ಮೇಷ್ಟ್ರು ಹಬ್ಬನ್ನು ಕಿತ್ತುಹಾಕಿ, ಗಿಡ್ಡ ಕೇಬಲ್ಲು ಹುಡುಕಿ, ಡಿಸ್ಕನ್ನು ಕ್ಯಾಬಿನೆಟ್ಟಿನ ಹಿಂದಿನ ಪೋರ್ಟಿಗೇ ಚುಚ್ಚಿದರು. ಟಿಕ್ ಟಿಕ್ ನಿಂತಿತು. ಸುಯ್ ಅಂತ ತಿರುಗಿತು. ಆದರೂ ‘ದಿಸ್ ಪಿಸಿ’ಯಲ್ಲಿ ಕಾಣಲಿಲ್ಲ!

“ರೀಸ್ಟಾರ್ಟ್ ಮಾಡಿ,” ಅಂದ ಸಿದ್ದು. ಮಾಡಿದೆವು. ಕಾಣಲಿಲ್ಲ. “ವಿಭೂತಿ ಹಚ್ಚಿ,” ಅಂದ. ಅದನ್ನು ರಂಗಣ್ಣ ಬೆಳಿಗ್ಗೆಯೇ ಹಚ್ಚಿದ್ದ.

ಮೇಷ್ಟ್ರು ಸ್ಟಾರ್ಟ್ ಬಟನ್ನಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದರು. ಅಲ್ಲಿ ಆರಾಮಾಗಿ ಕೂತಿತ್ತು! 931 ಜಿಬಿ, ‘ಹೆಲ್ದಿ’ ಅಂತ ಬೇರೆ ಬರೆದಿತ್ತು.

“ಒಂದು ಟಿಬಿ ಅಂತ ದುಡ್ಡು ಕೊಟ್ಟಿದ್ದಲ್ವಾ? ಉಳಿದ 69 ಯಾರು ತಿಂದರು?” ಸಿದ್ದುವಿನ ವ್ಯಾಪಾರದ ರಕ್ತ ಕುದಿಯಿತು.

“ಯಾರೂ ತಿಂದಿಲ್ಲ. ಮಾರುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.”

“ನಾವು ಮಂಡಿಯಲ್ಲಿ ಹೀಗೆ ಎಣಿಸಿದರೆ ರೈತರು ಬಿಡ್ತಾರಾ?”

ಡಿಸ್ಕಿಗೆ ಡ್ರೈವ್ ಲೆಟರ್, ಅಂದರೆ ಸಿ, ಡಿ ಅಂತ ವಿಂಡೋಸ್ ಕೊಡುವ ಗುರುತಿನ ಅಕ್ಷರ, ಇರಲಿಲ್ಲ, ಅಷ್ಟೇ. ಲೆಟರ್ ಇಲ್ಲದಿದ್ದರೆ ‘ದಿಸ್ ಪಿಸಿ’ಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಮೇಷ್ಟ್ರು ಅದರ ಮೇಲೆ ರೈಟ್ ಕ್ಲಿಕ್ ಮಾಡಿದರು. ಮೆನು ಇಳಿಯಿತು. ಸಿದ್ದುವಿನ ಬೆರಳೂ ಮುಂದೆ ಬಂತು.

“ನೋಡಿ, ಇಲ್ಲೇ ‘ಫಾರ್ಮ್ಯಾಟ್’ ಅಂತಿದೆ. ಒತ್ತಿಬಿಡಿ, ಫ್ರೆಶ್ ಆಗುತ್ತೆ!”

ರಂಗಣ್ಣ ಕೂಗಿದ ಕೂಗಿಗೆ ಅಡುಗೆಮನೆಯಿಂದ ಅವನ ಹೆಂಡತಿ ಓಡಿಬಂದರು. ಫಾರ್ಮ್ಯಾಟ್ ಅಂದರೆ ಒಳಗಿರೋದನ್ನೆಲ್ಲ ಅಳಿಸಿಹಾಕೋದು. ಇಂಥ ಸಲಹೆಗಾರರಿಂದಲೇ ಅರ್ಧ ಡಿಸ್ಕುಗಳು ಖಾಲಿಯಾಗುತ್ತವೆ ಅಂತ ನನಗೆ ಗುಮಾನಿ. ‘ಫಾರ್ಮ್ಯಾಟ್ ಮಾಡಲಾ?’, ‘ಇನಿಶಿಯಲೈಸ್ ಮಾಡಲಾ?’ ಅಂತ ಕಂಪ್ಯೂಟರ್ ಕೇಳಿದರೂ ಹೂಂ ಅನ್ನಬಾರದು. ಒಳಗಿನ ಫೋಟೋ ಬೇಕಿದ್ದರೆ ಮೊದಲು ಅದನ್ನು ಹೊರಗೆ ತೆಗೆಯುವ ದಾರಿ ನೋಡಬೇಕು.

ಮೇಷ್ಟ್ರು ಸಿದ್ದುವಿನ ಕೈ ಸರಿಸಿ, ‘ಚೇಂಜ್ ಡ್ರೈವ್ ಲೆಟರ್’ ಒತ್ತಿ ‘ಆರ್’ ಕೊಟ್ಟರು. ತಕ್ಷಣ ತೆರೆಯಿತು. ಧಾರೆ, ಆರತಕ್ಷತೆ, ಊಟದ ಪಂಕ್ತಿ, ಎಲ್ಲ ಇತ್ತು. ಪಂಕ್ತಿಯ ಮೂರು ಫೋಟೋದಲ್ಲೂ ಸಿದ್ದು ಇದ್ದ, ಮೂರೂ ಬೇರೆ ಬೇರೆ ಪಂಕ್ತಿ.

“ಇದಕ್ಕೆ ಇನ್ನೊಂದು ಕಾಪಿ ಇಟ್ಟಿದ್ದೀಯ ತಾನೇ?” ಮೇಷ್ಟ್ರು ಕೇಳಿದರು.

“ಇಲ್ಲದೆ ಇರುತ್ತಾ?” ರಂಗಣ್ಣ ಹೆಮ್ಮೆಯಿಂದ ತೋರಿಸಿದ. ‘ಮದುವೆ’ ಫೋಲ್ಡರಿನ ಪಕ್ಕದಲ್ಲೇ, ಅದೇ ಡಿಸ್ಕಿನಲ್ಲಿ, ‘ಮದುವೆ ಬ್ಯಾಕಪ್’ ಇತ್ತು.