ಮಲ್ಪೆಯಿಂದ ಜೋಧ್‌ಪುರಕ್ಕೆ ಕಾರಿನಲ್ಲಿ, ಸೈನ್ಯದಲ್ಲಿರುವ ಮಗನನ್ನು ನೋಡಲು. ಹೋದವರು ಯಾರಾದರೂ ಇದ್ದೀರಾ?

ಮಲ್ಪೆಯ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗ ಅಗ್ನಿವೀರನಾಗಿ ಸೇರಿ ಎರಡು ವರ್ಷ ಆಯಿತು. ಈಗ ಜೋಧ್‌ಪುರದ ಕಡೆ ಇದ್ದಾನೆ. ವರ್ಷಕ್ಕೆ 30 ದಿನ ರಜೆ. ಈ ವರ್ಷದ್ದು ಮೇ ತಿಂಗಳಲ್ಲಿ ಅಕ್ಕನ ಮದುವೆಗೇ ಮುಗಿಯಿತು. ಹಾಗಾಗಿ ಡಿಸೆಂಬರಿನಲ್ಲಿ ನಾವೇ ಹೋಗಿ ನೋಡಿ ಬರುವುದು ಅಂತ ಮಾಡಿದ್ದೇವೆ.

ರೈಲಿನಲ್ಲಿ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮಂಡಿನೋವು. ನಡುವೆ ರೈಲು ಬದಲಾಯಿಸಿ, ಸಾಮಾನು ಹೊತ್ತು ಮೆಟ್ಟಿಲು ಹತ್ತಿ ಇಳಿಯುವುದು ನನ್ನಿಂದ ಆಗದು. ಸಾಮಾನು ಕಡಿಮೆ ಮಾಡಲೂ ಆಗದು. ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಅವನಿಗೆ ಇಷ್ಟದ ಕೋರಿ ರೊಟ್ಟಿ, ಇಷ್ಟಾದರೂ ಬೇಡವಾ? ಫೋನಿನಲ್ಲಿ "ಊಟ ಚೆನ್ನಾಗುಂಟು ಅಮ್ಮ" ಅಂತಾನೆ. ಆದರೆ ಇವತ್ತು ಮನೆಯಲ್ಲಿ ಏನು ಪದಾರ್ಥ ಅಂತ ನಾನು ಹೇಳುವಾಗ ಸುಮ್ಮನಾಗಿಬಿಡುತ್ತಾನೆ.

ನಮ್ಮ ಯಜಮಾನರು 22 ವರ್ಷ ಮಲ್ಪೆ, ರತ್ನಾಗಿರಿ ನಡುವೆ ಮೀನಿನ ಲಾರಿ ಓಡಿಸಿದವರು. ಈಗ 59 ವರ್ಷ. ಕಾರಿನಲ್ಲೇ ಹೋಗುವ, ನಾನೇ ಓಡಿಸುತ್ತೇನೆ ಅಂತ ಹಟ. ಒಂದು ಕಡೆಗೇ 1,800 ಕಿ.ಮೀ.ಗಿಂತ ಜಾಸ್ತಿ ಉಂಟು. ಮಗ ಸಣ್ಣವನಿದ್ದಾಗ ಇವರು ವಾರದಲ್ಲಿ ನಾಲ್ಕು ದಿನ ದಾರಿಯಲ್ಲೇ. ಲಾರಿ ಬರುವ ದಿನ ಅವನು ಗೇಟಿನ ಹತ್ತಿರದ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದ. ನಿದ್ದೆ ಬಂದರೂ ಒಳಗೆ ಬರುತ್ತಿರಲಿಲ್ಲ. ಇವರ ಮನಸ್ಸಿನಲ್ಲಿ ಅದು ಉಂಟು, ಬಾಯಿ ಬಿಟ್ಟು ಹೇಳುವುದಿಲ್ಲ. ಅದಕ್ಕೇ ನಾನು ಬೇಡ ಅನ್ನಲಿಲ್ಲ.

ಎಷ್ಟು ದಿನ ಬೇಕು? ಮುಂಬೈ ದಾಟುವುದು ಹೇಗೆ? ಗೇಟಿನಲ್ಲಿ ನಮ್ಮನ್ನು ಬಿಡುತ್ತಾರಾ? ನಮ್ಮ ಹತ್ತಿರ ಇರುವುದು ಕೊನೆಗೆ "56 ಎಪಿಓ" ಅಂತ ಬರೆಯುವ ವಿಳಾಸ ಮಾತ್ರ. ಅದರಲ್ಲಿ ಊರೇ ಇಲ್ಲ.

(ಆಮೇಲೆ ಸೇರಿಸಿದ್ದು: ಕೆಳಗೆ ಹವಿಲ್ದಾರರು ಹೇಳಿದ ಹಾಗೆ ಯೂನಿಟ್ ಹೆಸರು ತೆಗೆದಿದ್ದೇನೆ. ಹೇಳಿದ್ದಕ್ಕೆ ಉಪಕಾರ ಆಯ್ತು.)

ಕಾರ್ಕಳದ ಮಾಜಿ ಹವಿಲ್ದಾರ:

ಅಕ್ಕ, ಮೊದಲು ಯೂನಿಟ್ ಹೆಸರು ತೆಗೆಯಿರಿ. ಹೊರಡುವ ತಾರೀಖು ಕೂಡ ಇಲ್ಲಿ ಬರೆಯಬೇಡಿ.

ಗೇಟಿಗೆ ಹೆದರಬೇಕಾಗಿಲ್ಲ, ಆದರೆ ಹೇಳದೆ ಹೋಗಿ ನಿಲ್ಲಬೇಡಿ. ಮಗ ಮುಂಚೆಯೇ ತನ್ನ ಜೆಸಿಓ (ಮೇಲಧಿಕಾರಿ) ಸಾಹೇಬರಿಗೆ ಹೇಳಿ, ನಿಮ್ಮಿಬ್ಬರ ಹೆಸರು, ಆಧಾರ್, ಗಾಡಿ ನಂಬರು ಕೊಟ್ಟು ಅನುಮತಿ ತೆಗೆದುಕೊಳ್ಳಲಿ. ಆರ್‌ಸಿ, ಇನ್ಶೂರೆನ್ಸ್, ಲೈಸೆನ್ಸ್ ಕೈಗೆ ಸಿಗುವಂತೆ ಇಡಿ. ಗಾಡಿ ಚೆಕ್ ಮಾಡುತ್ತಾರೆ, ಅಕ್ಕಿ ಚೀಲ ಬಿಚ್ಚಿ ನೋಡಿದರೂ ಬೇಸರ ಮಾಡಬೇಡಿ. ಒಳಗೆ ಫೋಟೋ ತೆಗೆಯಬೇಡಿ. ಗೆಸ್ಟ್ ರೂಮ್ ನಂಬಿ ಹೋಗುವುದು ಬೇಡ, ಪೇಟೆಯಲ್ಲಿ ಒಂದು ರೂಮು ಮಾಡಿ. ಔಟ್‌ಪಾಸ್ (ಹೊರಗೆ ಹೋಗಲು ಅನುಮತಿ) ಸಿಕ್ಕಿದಾಗ ಅವನೇ ಅಲ್ಲಿಗೆ ಬರುತ್ತಾನೆ. ಒಂದೆರಡು ದಿನ ಜಾಸ್ತಿಯೇ ಇಟ್ಟುಕೊಳ್ಳಿ. ನೀವು ಹೋದ ದಿನವೇ ಅವನಿಗೆ ಡ್ಯೂಟಿ ಬೀಳಬಹುದು.

56 ಎಪಿಓ ಅಂದರೆ ಸೈನ್ಯದ ಅಂಚೆ. ಊರು ಗೊತ್ತಾಗಬಾರದು ಅಂತಲೇ ಹಾಗೆ. ನನ್ನ ತಾಯಿ 24 ವರ್ಷ ಆ ವಿಳಾಸಕ್ಕೆ ಕಾಗದ ಹಾಕಿದರು. ನಾನಿದ್ದ ಜಾಗ ನೋಡಲು ಅವರಿಗೆ ಒಮ್ಮೆಯೂ ಆಗಲಿಲ್ಲ. ನೀವು ಹೋಗಿ.

ಸೂರತ್‌ನಲ್ಲಿರುವ ಕುಂದಾಪುರದವ:

ನಾನು ಇಲ್ಲಿ ಹೋಟೆಲ್ ಕೆಲಸದಲ್ಲಿ 15 ವರ್ಷದಿಂದ ಇದ್ದೇನೆ. ಊರಿಗೆ ಕಾರಿನಲ್ಲೇ ಬರುವುದು. ಅಣ್ಣನಿಗೆ ರತ್ನಾಗಿರಿ ದಾರಿ ಗೊತ್ತು ಅಂತ ಹೆದ್ದಾರಿ 66ರಲ್ಲೇ ಹೋಗಬೇಡಿ. ಅಂಕೋಲಾದಲ್ಲಿ ಬಲಕ್ಕೆ ತಿರುಗಿ, ಅರಬೈಲು ಘಾಟಿ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ. ಅಲ್ಲಿಂದ ಹೆದ್ದಾರಿ 48. ಮೊದಲ ದಿನ ಬೆಳಗಾವಿ, ಮರುದಿನ ಲೋಣಾವಳ, ಮೂರಕ್ಕೆ ವಡೋದರಾ, ನಾಲ್ಕಕ್ಕೆ ಆಬು ರೋಡ್. ಐದನೇ ದಿನ ಮಧ್ಯಾಹ್ನಕ್ಕೆ ಜೋಧ್‌ಪುರ.

ಲೋಣಾವಳದಿಂದ ಬೆಳಗಿನ ಜಾವ 3 ಗಂಟೆಗೆ ಹೊರಡಿ. ಠಾಣೆಯ ಘೋಡ್‌ಬಂದರ್ ರಸ್ತೆಯನ್ನು ಬೆಳಕಾಗುವ ಮೊದಲೇ ದಾಟಬೇಕು, ಇಲ್ಲದಿದ್ದರೆ ಗಾಡಿಗಳ ನಡುವೆ ಸಿಕ್ಕಿಕೊಳ್ಳುತ್ತೀರಿ. ಗುಜರಾತಿನಲ್ಲಿ ಪಾನನಿಷೇಧ ಉಂಟು, ಯಾರಾದರೂ ಮಗನಿಗೆ ಅಂತ ಬಾಟಲಿ ಕೊಟ್ಟರೆ ತರಬೇಡಿ. ರಾಜಸ್ಥಾನದಲ್ಲಿ ಕತ್ತಲಾದ ಮೇಲೆ ಓಡಿಸಬೇಡಿ. ದನ, ನೀಲ್‌ಗಾಯ್, ಒಂಟೆ ರಸ್ತೆಗೆ ಬರುತ್ತವೆ. ನಾನು 3000 ರೂಪಾಯಿ ಕೊಟ್ಟು ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿದ್ದೆ, 200 ಸಲ ಟೋಲ್ ದಾಟಲು ನಡೆಯುತ್ತದೆ. ಆದರೆ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಗೆ ಅದು ಆಗುವುದಿಲ್ಲ.

ಸೂರತ್‌ನಲ್ಲಿ ನಮ್ಮಲ್ಲಿಗೆ ಬರಲೇಬೇಕು. ಗಂಜಿ ಊಟ ಮಾಡಿಸುತ್ತೇನೆ.

ಕಟಪಾಡಿಯ ಅತ್ತಿಗೆ:

ಕೋರಿ ರೊಟ್ಟಿ ಗಟ್ಟಿ ಡಬ್ಬಿಯಲ್ಲಿ ಹಾಕಿ. ಮಸಾಲೆ ಹುರಿದು ಪುಡಿ ಮಾಡಿಕೊಳ್ಳಿ. ತೆಂಗಿನಕಾಯಿ ಇಡಿಯಾಗಿಯೇ ಇರಲಿ, ಅಲ್ಲಿ ಹೋಗಿ ಒಡೆಯಿರಿ.

ಮಲ್ಪೆಯ ಅಮ್ಮ (ಜನವರಿಯಲ್ಲಿ):

ಹೋಗಿ ಬಂದೆವು. ನೀವು ಹೇಳಿದ ದಾರಿಯಲ್ಲೇ ಹೋದೆವು.

ಅಂಕೋಲಾಕ್ಕಿಂತ ಮೊದಲು ಶಿರೂರು ಬಂತು. 2024ರ ಜುಲೈಯಲ್ಲಿ ಗುಡ್ಡ ಕುಸಿದು ಲಾರಿ ಗಂಗಾವಳಿ ನದಿಗೆ ಬಿದ್ದ ಜಾಗ. ಇವರು ಗಾಡಿ ನಿಧಾನ ಮಾಡಿ ಒಂದು ಕೈ ಎದೆಗೆ ಇಟ್ಟುಕೊಂಡರು. ಆ ದಾರಿಯಲ್ಲಿ ಎಷ್ಟು ರಾತ್ರಿ ಟೀ ಕುಡಿಯಲು ನಿಲ್ಲಿಸಿದ್ದಾರೋ. ಯಲ್ಲಾಪುರದವರೆಗೆ ಮಾತಾಡಲಿಲ್ಲ.

ಸೂರತ್‌ನ ತಮ್ಮ ಗಂಜಿ ಜೊತೆ ಚಟ್ನಿಯನ್ನೂ ಮಾಡಿಸಿದ್ದ. ದೇವರು ಅವನನ್ನು ಚೆನ್ನಾಗಿ ಇಟ್ಟಿರಲಿ.

ಐದನೇ ದಿನ ಎರಡು ಗಂಟೆಗೆ ತಲುಪಿದೆವು. ಮಗ ಗೇಟಿನ ಹೊರಗೆ ನಿಂತಿದ್ದ, ಹತ್ತು ಗಂಟೆಯಿಂದ ನಿಂತಿದ್ದನಂತೆ. ಕಾರು ನಿಂತ ಕೂಡಲೇ ಅಪ್ಪನ ಕಡೆಯ ಬಾಗಿಲು ತೆಗೆದ. ನನ್ನ ಹತ್ತಿರ ಆಮೇಲೆ ಬಂದ. ನನಗೆ ಬೇಸರ ಆಗಲಿಲ್ಲ.

ಮೂರು ಸಂಜೆ ಔಟ್‌ಪಾಸ್ ಸಿಕ್ಕಿತು. ರೂಮಿನವರು ಅಡುಗೆಮನೆ ಬಿಟ್ಟುಕೊಟ್ಟರು. ರೊಟ್ಟಿ ಅರ್ಧ ಪುಡಿಯಾಗಿತ್ತು, ಆ ಪುಡಿಗೇ ಕೋಳಿ ಸಾರು ಹಾಕಿ ಉಂಡ. ರಾತ್ರಿ ಚಳಿ ತುಂಬ, ಹೋಗುವವರು ದಪ್ಪ ಕಂಬಳಿ ಇಟ್ಟುಕೊಳ್ಳಿ. ಹಪ್ಪಳ ಮಾತ್ರ ಅವನು ಮುಟ್ಟಲಿಲ್ಲ, ಜೊತೆಯ ಹುಡುಗರಿಗೆ ಅಂತ ಕಟ್ಟಿಕೊಂಡು ಹೋದ. ಅವರಲ್ಲಿ ಒಬ್ಬ ಮಣಿಪುರದವನಂತೆ. ಅವನನ್ನು ನೋಡಲು ಮನೆಯಿಂದ ಇನ್ನೂ ಯಾರೂ ಬಂದಿಲ್ಲವಂತೆ.